"ನಾನು ಓದಿದ ಕಾಲೇಜು" ಎಂಬುದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ? ಹೂ, ವಿಚ್, ದ್ಯಾಟ್ ಮಾತಿನಲ್ಲಿ ಯಾಕೆ ಬರುವುದಿಲ್ಲ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಸಂದರ್ಶನದಲ್ಲಿ "ನಾನು ಓದಿದ ಕಾಲೇಜು ನಮ್ಮೂರಿಂದ 18 ಕಿಲೋಮೀಟರ್ ದೂರ" ಎಂದು ಹೇಳಲು ಹೋದಿರಿ. "ಐ ಸ್ಟಡೀಡ್ ಕಾಲೇಜ್" ಎಂದು ಶುರುವಾಯಿತು. ತಪ್ಪು ಎಂದು ಗೊತ್ತಾಗಿ "ವಿಚ್ ಐ ಸ್ಟಡೀಡ್ ಕಾಲೇಜ್" ಎಂದಿರಿ. ಆಮೇಲೆ ಮಾತು ನಿಂತುಹೋಯಿತು. ವ್ಯಾಕರಣ ಪುಸ್ತಕದಲ್ಲಿ ರಿಲೇಟಿವ್ ಕ್ಲಾಜ್ (ಹೂ, ವಿಚ್, ದ್ಯಾಟ್ ಹಾಕಿ ಹೆಸರಿಗೆ ವಿವರ ಸೇರಿಸುವ ತುಂಡು) ಪಾಠ ಓದಿದ್ದೇನೆ, ಬರೆಯುವಾಗ ಬರುತ್ತದೆ, ಮಾತಾಡುವಾಗ ಯಾಕೆ ಬರುವುದಿಲ್ಲ ಎಂದು ಕೇಳಿದ್ದೀರಿ.

ನಾನು ಮೇಷ್ಟ್ರಲ್ಲ. ವಿಜಯಪುರದಲ್ಲಿ ಪ್ರವಾಸಿಗರಿಗೆ ಗೈಡ್ ಆಗಿದ್ದೇನೆ. ಆದರೆ ನೀವು ಕೇಳಿದ ಈ ವಾಕ್ಯಗಳಿಲ್ಲದೆ ನನ್ನ ಕೆಲಸ ಒಂದು ನಿಮಿಷವೂ ನಡೆಯುವುದಿಲ್ಲ. ಇದನ್ನು ಕಟ್ಟಿಸಿದ ಸುಲ್ತಾನ, ಅಹ್ಮದ್‌ನಗರದಲ್ಲಿ ಎರಕ ಹೊಯ್ದ ತೋಪು, ಮುಗಿಯದೆ ಉಳಿದ ಗೋರಿ. ದಿನವಿಡೀ ಇದೇ ಮಾತು. ಮೊದಲ ಎರಡು ವರ್ಷ ನನಗೂ ನಿಮ್ಮ ಹಾಗೇ ಆಗುತ್ತಿತ್ತು.

ತೊಡಕು ಇರುವುದು ಹೂ, ವಿಚ್ ಪದಗಳಲ್ಲಿ ಅಲ್ಲ. ಯಾವುದು ಮೊದಲು ಬಾಯಿಗೆ ಬರಬೇಕು ಎನ್ನುವುದರಲ್ಲಿ. ಕನ್ನಡದಲ್ಲಿ ವಿವರ ಪೂರ್ತಿ ಮೊದಲು ಬರುತ್ತದೆ, ಹೆಸರು ಕೊನೆಗೆ. "ನಿನ್ನೆ ಸಂಜೆ ಸ್ಟೇಷನ್ ಹತ್ತಿರ ನನ್ನನ್ನು ದಾರಿ ಕೇಳಿದ ಹುಡುಗ." ಹುಡುಗ ಬರುವಷ್ಟರಲ್ಲಿ ಕಥೆ ಮುಗಿದೇ ಹೋಗಿರುತ್ತದೆ. ಇಂಗ್ಲಿಷ್‌ನಲ್ಲಿ ಹುಡುಗ ಮೊದಲು ಬಂದು ನಿಲ್ಲಬೇಕು. ವಿವರ ಅವನ ಹಿಂದೆ ಬರಬೇಕು. "ದ ಬಾಯ್ ಹೂ ಆಸ್ಕ್‌ಡ್ ಮಿ ದ ವೇ." ಬರೆಯುವಾಗ ತಿರುಗಿಸಿ ಹಾಕಲು ಸಮಯ ಇರುತ್ತದೆ. ಮಾತಾಡುವಾಗ ಇರುವುದಿಲ್ಲ, ಅಲ್ವಾ?

ಆದರೆ ಒಂದು ವಿಷಯ ಗಮನಿಸಿ. ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಾವು ನಿಜವಾಗಿ ಹೇಗೆ ಮಾತಾಡುತ್ತೇವೆ? ಒಂದು ದಿನ ಗೋಲ್ ಗುಂಬಜ್ ಗೇಟಿನ ಹೊರಗೆ ಚಹಾ ಕುಡಿಯುತ್ತಿದ್ದೆ. ಪಕ್ಕದಲ್ಲಿದ್ದ ಆಟೋದವರು ಇನ್ನೊಬ್ಬರಿಗೆ ಹೇಳುತ್ತಿದ್ದರು: "ಆ ಹುಡುಗ ಅದಾನಲ್ರಿ, ನಿನ್ನೆ ಸಂಜಿಕೆ ಬಂದಿದ್ನಲ್ಲ, ಆಂವ ಮತ್ತ ಬಂದಾನ."

ಹುಡುಗ ಮೊದಲು. ವಿವರ ಆಮೇಲೆ. ಇದು ಇಂಗ್ಲಿಷ್‌ನ ಸಾಲೇ! ಪುಸ್ತಕದ ಕನ್ನಡ "ನಿನ್ನೆ ಬಂದ ಹುಡುಗ" ಎನ್ನುತ್ತದೆ. ಬಾಯಿಯ ಕನ್ನಡ "ಆ ಹುಡುಗ, ನಿನ್ನೆ ಬಂದಿದ್ದನಲ್ಲ" ಎನ್ನುತ್ತದೆ. ನಮ್ಮ "ಅಲ್ಲ" ಮಾಡುವ ಕೆಲಸವನ್ನೇ ಅಲ್ಲಿ ಹೂ, ವಿಚ್, ದ್ಯಾಟ್ ಮಾಡುತ್ತವೆ. ಯಾವ ಹುಡುಗ ಎಂದು ಕೇಳುವವನಿಗೆ ಗುರುತು ಹಿಡಿಸುವುದು. ಅವತ್ತಿನಿಂದ ನಾನು ಇಂಗ್ಲಿಷ್ ಮಾತಾಡುವ ಮೊದಲು ಪುಸ್ತಕದ ಕನ್ನಡದಲ್ಲಿ ಯೋಚಿಸುವುದನ್ನು ಬಿಟ್ಟೆ. ಆಟೋದವರ ಕನ್ನಡದಲ್ಲಿ ಯೋಚಿಸುತ್ತೇನೆ.

ಇದರಿಂದ ಇನ್ನೂ ದೊಡ್ಡ ಲಾಭ ಒಂದಿದೆ. ನಮ್ಮ ಕಡೆಯವರು ಜಾಸ್ತಿ ತಪ್ಪು ಮಾಡುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

"ನಾವು ಬಂದ ಬಸ್ಸು", "ನಾನು ಬರೆದ ಪೆನ್ನು", "ನಾನು ಊಟ ಮಾಡಿದ ತಟ್ಟೆ". ಈ ಮೂರರಲ್ಲಿ ಬಸ್ಸಿಗೂ ಬರುವುದಕ್ಕೂ ಏನು ಸಂಬಂಧ ಎಂದು ಎಲ್ಲಾದರೂ ಹೇಳಿದ್ದೇವಾ? ಇಲ್ಲ. ಬಸ್ಸಿನಲ್ಲಿ ಬಂದೆವು, ಪೆನ್ನಿನಿಂದ ಬರೆದೆ, ತಟ್ಟೆಯಲ್ಲಿ ಉಂಡೆ. ಆ "ಅಲ್ಲಿ", "ಇಂದ" ಎಲ್ಲ ಮಾಯವಾಗಿವೆ. ಕನ್ನಡದಲ್ಲಿ ಕೇಳುವವರೇ ಅರ್ಥ ಮಾಡಿಕೊಳ್ಳುತ್ತಾರೆ. ಯಾರೂ ತಟ್ಟೆಯನ್ನು ತಿಂದರು ಎಂದುಕೊಳ್ಳುವುದಿಲ್ಲ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. "ದ ಪೆನ್ ಐ ರೋಟ್" ಎಂದರೆ ಪೆನ್ನನ್ನೇ ಬರೆದೆ ಎಂದಾಗುತ್ತದೆ. "ದ ಪೆನ್ ಐ ರೋಟ್ ವಿತ್" ಎನ್ನಬೇಕು. "ದ ಬಸ್ ವಿ ಕೇಮ್ ಇನ್." ಕೊನೆಯಲ್ಲಿ ನೇತಾಡುವ ಆ ಪುಟ್ಟ ಪದ ನೋಡಲು ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ. ಆದರೆ ದಿನದ ಮಾತಿನಲ್ಲಿ ಅದೇ ಸರಿ.

ಈಗ ಇದನ್ನೇ ಬಾಯಿಯ ಕನ್ನಡದಲ್ಲಿ ಹೇಳಿ ನೋಡಿ. "ಆ ಬಸ್ಸು ಇದೆಯಲ್ಲ, ಅದರಲ್ಲಿ ಬಂದೆವಲ್ಲ." "ಆ ಪೆನ್ನು ಇದೆಯಲ್ಲ, ಅದರಿಂದ ಬರೆದೆನಲ್ಲ." ಮಾಯವಾಗಿದ್ದ "ಅಲ್ಲಿ", "ಇಂದ" ತಾವಾಗಿಯೇ ಮರಳಿ ಬಂದವು! ಅವನ್ನೇ ಇನ್, ವಿತ್ ಮಾಡಿಕೊಂಡರೆ ಆಯಿತು. ನಮ್ಮ ಮಲಿಕ್-ಎ-ಮೈದಾನ್ ತೋಪು ಶೇರ್ಜಾ ಬುರುಜಿನ ಮೇಲಿದೆ. "ತೋಪು ಇರುವ ಬುರುಜು" ಎಂದು ಯೋಚಿಸಿದಾಗಲೆಲ್ಲ ನಾನು ಆನ್ ಬಿಟ್ಟುಬಿಡುತ್ತಿದ್ದೆ. "ಆ ಬುರುಜು, ಅದರ ಮೇಲೆ ತೋಪು ಇದೆಯಲ್ಲ" ಎಂದು ಯೋಚಿಸಿದರೆ "ದ ಬಾಸ್ಟಿಯನ್ ದ ಕ್ಯಾನನ್ ಸಿಟ್ಸ್ ಆನ್" ಎಂದೇ ಬರುತ್ತದೆ.

ಒಂದು ಕಡೆ ಮಾತ್ರ ಎಚ್ಚರ ಬೇಕು. "ಅದರಲ್ಲಿ" ಎನ್ನುವುದರಲ್ಲಿ "ಅದು" ಕೂಡ ಇದೆ. ಅದನ್ನು ಇಂಗ್ಲಿಷ್‌ಗೆ ತರಬಾರದು. "ದ ಬಸ್ ವಿಚ್ ವಿ ಕೇಮ್ ಇನ್ ಇಟ್" ತಪ್ಪು. "ದ ಮ್ಯಾನ್ ಹೂ ಐ ಮೆಟ್ ಹಿಮ್" ಕೂಡ ತಪ್ಪು. ಆ ಬಸ್ಸು, ಆ ಮನುಷ್ಯ ಆಗಲೇ ಮುಂದೆ ಬಂದು ನಿಂತಿದ್ದಾರೆ. ಇನ್ನೊಮ್ಮೆ ಕರೆಯಬೇಕಿಲ್ಲ.

ಈ ಕನ್ನಡ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. "ಹಾವು ಕೊಂದ ಮನುಷ್ಯ" ಎಂದರೆ ಯಾರು ಸತ್ತರು? ಎರಡೂ ಅರ್ಥ ಆಗುತ್ತದೆ. "ಆ ಮನುಷ್ಯ, ಹಾವನ್ನು ಕೊಂದನಲ್ಲ" ಎಂದರೆ "ದ ಮ್ಯಾನ್ ಹೂ ಕಿಲ್ಡ್ ದ ಸ್ನೇಕ್". "ಆ ಮನುಷ್ಯ, ಅವನನ್ನು ಹಾವು ಕೊಂದಿತಲ್ಲ" ಎಂದರೆ "ದ ಮ್ಯಾನ್ ದ ಸ್ನೇಕ್ ಕಿಲ್ಡ್". ಎರಡನೆಯದರಲ್ಲಿ ಹೂ ಇಲ್ಲದಿರುವುದನ್ನು ನೋಡಿದಿರಾ? ಹೆಸರಿನ ಹಿಂದೆ ಇನ್ನೊಬ್ಬರು ಬಂದು ಕೆಲಸ ಮಾಡುತ್ತಿದ್ದರೆ ಹೂ, ದ್ಯಾಟ್ ಬಿಡಬಹುದು. "ದ ಮ್ಯಾನ್ ಐ ಮೆಟ್." ಹೆಸರಿನವರೇ ಕೆಲಸ ಮಾಡಿದ್ದರೆ ಬಿಡಬಾರದು. "ದ ಮ್ಯಾನ್ ಕೇಮ್ ಯೆಸ್ಟರ್‌ಡೇ" ಎಂದರೆ "ಆ ಮನುಷ್ಯ ನಿನ್ನೆ ಬಂದ" ಎಂದು ವಾಕ್ಯ ಅಲ್ಲಿಗೇ ಮುಗಿದುಹೋಗುತ್ತದೆ.

ಹೂ ಜನರಿಗೆ, ವಿಚ್ ವಸ್ತುಗಳಿಗೆ, ದ್ಯಾಟ್ ಎರಡಕ್ಕೂ. ಇದು ನಿಮಗೆ ಗೊತ್ತೇ ಇದೆ. ಹೂಮ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ದಿನದ ಮಾತಿನಲ್ಲಿ ಅದು ಕಡಿಮೆ. "ಅವನ", "ಅದರ" ಎಂದು ಬರುವ ಕಡೆ ಹೂಸ್ ಹಾಕಿ. "ದ ಸುಲ್ತಾನ್ ಹೂಸ್ ಟೂಮ್ ಈಸ್ ಹಿಯರ್."

ಅಲ್ಪವಿರಾಮದ, ಅಂದರೆ ಮಾತಿನಲ್ಲಿ ಚೂರು ನಿಲ್ಲಿಸುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. "ಬೆಳಗಾವಿಯಲ್ಲಿರುವ ನನ್ನ ತಮ್ಮ" ಎಂದರೆ ನನಗೆ ಎಷ್ಟು ಜನ ತಮ್ಮಂದಿರು ಎಂದು ಕನ್ನಡದಲ್ಲಿ ಗೊತ್ತಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಗೊತ್ತಾಗುತ್ತದೆ. "ಮೈ ಬ್ರದರ್ ಹೂ ಲಿವ್ಸ್ ಇನ್ ಬೆಳಗಾವಿ" ಎಂದು ಒಂದೇ ಉಸಿರಿನಲ್ಲಿ ಹೇಳಿದರೆ, ಬೇರೆ ತಮ್ಮಂದಿರೂ ಇದ್ದಾರೆ, ನಾನು ಹೇಳುತ್ತಿರುವುದು ಬೆಳಗಾವಿಯವನ ಬಗ್ಗೆ ಎಂದು. "ಮೈ ಬ್ರದರ್" ಎಂದು ಚೂರು ನಿಲ್ಲಿಸಿ ಮುಂದೆ ಹೋದರೆ, ಇರುವವನು ಒಬ್ಬನೇ, ಬೆಳಗಾವಿ ಸುಮ್ನೆ ಹೆಚ್ಚಿನ ಮಾಹಿತಿ ಎಂದು. ಗೋಲ್ ಗುಂಬಜ್ ಇರುವುದು ಒಂದೇ. ಆದ್ದರಿಂದ ನಾನು ಯಾವಾಗಲೂ ನಿಲ್ಲಿಸಿಯೇ ಹೇಳುತ್ತೇನೆ: "ಗೋಲ್ ಗುಂಬಜ್, ವಿಚ್ ಮೊಹಮ್ಮದ್ ಆದಿಲ್ ಶಾ ಬಿಲ್ಟ್, ಹ್ಯಾಸ್ ಎ ವಿಸ್ಪರಿಂಗ್ ಗ್ಯಾಲರಿ." ಹೀಗೆ ನಿಲ್ಲಿಸಿದ ಕಡೆ ದ್ಯಾಟ್ ಹಾಕುವ ಹಾಗಿಲ್ಲ, ವಿಚ್ ಬಿಡುವ ಹಾಗೂ ಇಲ್ಲ.

ಇನ್ನು ವೇರ್. "ಅಲ್ಲಿ" ಎಂದು ಬಂದರೆ ಮಾತ್ರ ವೇರ್. "ಆ ನೆಲಮಾಳಿಗೆ, ಅಲ್ಲಿ ಸುಲ್ತಾನನನ್ನು ಹೂಳಿದ್ದಾರಲ್ಲ." ಅದು "ದ ವಾಲ್ಟ್ ವೇರ್ ದ ಸುಲ್ತಾನ್ ಈಸ್ ಬರೀಡ್". ಆದರೆ "ಆ ಊರು, ಅದನ್ನು ನೋಡಿದೆನಲ್ಲ" ಎನ್ನುವಾಗ "ಅಲ್ಲಿ" ಇಲ್ಲ. ಹಾಗಾಗಿ "ದ ಪ್ಲೇಸ್ ವೇರ್ ಐ ವಿಸಿಟೆಡ್" ತಪ್ಪು, "ದ ಪ್ಲೇಸ್ ಐ ವಿಸಿಟೆಡ್" ಸರಿ. ಊರು ಎಂದ ಕೂಡಲೇ ವೇರ್ ಹಾಕುವ ಅಭ್ಯಾಸ ತುಂಬ ಜನಕ್ಕಿದೆ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. "ಆ ಕಾಲೇಜು ಇದೆಯಲ್ಲ, ಅಲ್ಲಿ ಓದಿದೆನಲ್ಲ, ಅದು ನಮ್ಮೂರಿಂದ 18 ಕಿಲೋಮೀಟರ್." ಕಾಲೇಜು ಮೊದಲು ಬಂತು. "ಅಲ್ಲಿ" ಇದೆ, ಆದ್ದರಿಂದ ವೇರ್. "ಅದು" ಬೇಡ. "ದ ಕಾಲೇಜ್ ವೇರ್ ಐ ಸ್ಟಡೀಡ್ ಈಸ್ ಏಟೀನ್ ಕಿಲೋಮೀಟರ್ಸ್ ಫ್ರಮ್ ಮೈ ವಿಲೇಜ್." ವೇರ್ ಬದಲು "ದ ಕಾಲೇಜ್ ಐ ಸ್ಟಡೀಡ್ ಅಟ್" ಎಂದರೂ ಆಗುತ್ತದೆ. ಹೇಳುವಾಗ ನಡುವೆ ಹೆದರಿಕೆಯಾದರೆ "ವೇರ್ ಐ ಸ್ಟಡೀಡ್" ಎಂಬ ತುಂಡನ್ನು ಮನಸ್ಸಿನಲ್ಲೇ ಮುಚ್ಚಿ ನೋಡಿ. "ದ ಕಾಲೇಜ್ ಈಸ್ ಏಟೀನ್ ಕಿಲೋಮೀಟರ್ಸ್ ಫ್ರಮ್ ಮೈ ವಿಲೇಜ್" ಎಂದು ಉಳಿಯುತ್ತದೆ. ಇಷ್ಟನ್ನು ನೀವು ಅವತ್ತೂ ತಡವರಿಸದೆ ಹೇಳುತ್ತಿದ್ದಿರಿ.