ಲೈವ್ ಆಟೆಕರ್: ಕತ್ತಲಲ್ಲಿ ನೋಡೋದೇನು?

ಆಫೀಸ್ ಕೆಲಸಕ್ಕೆ ಲಂಡನ್‌ಗೆ ಬರುತ್ತಿದ್ದೀರಿ, ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಆಟೆಕರ್ ಲೈವ್ ಟಿಕೆಟ್ ಸಿಕ್ಕಿದೆ, ಆದರೆ ಅವರು ಲೈಟೇ ಹಾಕಲ್ಲವಂತೆ, ಹಾಗಾದರೆ ದುಡ್ಡು ಕೊಟ್ಟು ನೋಡೋದೇನು ಅಂತ ಕೇಳಿದ್ದೀರಿ. ನೋಡೋಕೆ ಏನೂ ಇಲ್ಲ ಮಾರಾಯ್ರೆ. ಆದರೂ ಹೋಗಿ.

ನಾನು ಹೋಗಿದ್ದು 2022ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಬಾರ್ಬಿಕನ್ ಹಾಲ್‌ಗೆ. ಲೈಟ್ ಆರಿದ ಮೇಲೆ ನನ್ನ ಮೊಣಕಾಲೇ ನನಗೆ ಕಾಣಲಿಲ್ಲ. ಮೊದಲ ಹತ್ತು ನಿಮಿಷ ಕಸಿವಿಸಿ, ಎದ್ದು ಹೋಗೋಣ ಅನ್ನಿಸಿತ್ತು. ಆಮೇಲೆ ಜಲ್ಲಿ ಸುರಿದ ಹಾಗೆ ಒಂದು ಸದ್ದು ಎಡಗಡೆಯಿಂದ ಬಂತು, ಇನ್ನೊಂದು ಕುರ್ಚಿಯ ಕೆಳಗಿಂದ ಎದ್ದ ಹಾಗಾಯಿತು, ಅಲ್ಲಿಂದ ಮುಂದೆ ಗಡಿಯಾರದ ನೆನಪೇ ಬರಲಿಲ್ಲ. ನಡುವೆ ಸದ್ದು ಸಣ್ಣದಾದಾಗ ಪಕ್ಕದವನು ಜಾಕೆಟ್‌ನ ಜಿಪ್ ಎಳೆದ. ಅದೂ ಸಂಗೀತವೇ ಅಂದುಕೊಂಡು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದೆ!

"ಲ್ಯಾಪ್‌ಟಾಪ್‌ನಲ್ಲಿ ಪ್ಲೇ ಒತ್ತಿ ಸುಮ್ನೆ ನಿಲ್ತಾರೆ ಅಲ್ವಾ" ಅಂತಲೂ ಕೇಳಿದ್ದೀರಿ. ಅಲ್ಲ. ಆಟೆಕರ್ ಅಂದರೆ ರಾಬ್ ಬ್ರೌನ್, ಶಾನ್ ಬೂತ್, ಇಬ್ಬರೂ ಮ್ಯಾಂಚೆಸ್ಟರ್ ಹತ್ತಿರದ ರೋಚ್‌ಡೇಲ್‌ನವರು, 1987ರಿಂದ ಜೊತೆಗಿದ್ದಾರೆ. ಮ್ಯಾಕ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ತಮ್ಮದೇ ಪ್ಯಾಚ್‌ಗಳನ್ನು, ಅಂದರೆ ಸದ್ದು ಮಾಡುವ ಸಣ್ಣ ಪ್ರೋಗ್ರಾಂಗಳನ್ನು, ಕಟ್ಟಿಕೊಂಡಿದ್ದಾರೆ. ತಾಳ, ಸದ್ದು ಎರಡನ್ನೂ ಆ ಪ್ಯಾಚ್‌ಗಳೇ ಹುಟ್ಟಿಸುತ್ತವೆ, ಇವರು ಅದನ್ನು ಅಲ್ಲೇ ತಡೆದು, ತಿರುಗಿಸಿ, ಬೇರೆ ದಾರಿಗೆ ಬಿಡುತ್ತಾರೆ. ಹಾಗಾಗಿ ಆಲ್ಬಮ್‌ನ ಟ್ರ್ಯಾಕ್ ಬರುತ್ತೆ ಅಂತ ಕಾಯಬೇಡಿ. ಬರಲ್ಲ.

ಅವರ ಒಂದು ಹಳೇ ಕಥೆ ಹೇಳಲೇಬೇಕು. 1994ರಲ್ಲಿ ಬ್ರಿಟಿಷ್ ಸರ್ಕಾರ ರಾತ್ರಿಯಿಡೀ ಕುಣಿಯುವ ರೇವ್ ಪಾರ್ಟಿಗಳನ್ನು ತಡೆಯೋಕೆ ಕಾನೂನು ತಂತು. ಯಾವ ಸಂಗೀತಕ್ಕೆ ಈ ತಡೆ ಅಂದರೆ, ಒಂದೇ ಥರದ ಬೀಟ್ ಮತ್ತೆ ಮತ್ತೆ ಬರುವ ಸಂಗೀತಕ್ಕೆ ಅಂತ ಕಾನೂನಿನಲ್ಲೇ ಬರೆದಿದ್ದರು. ಇವರು 'ಆ್ಯಂಟಿ' ಅಂತ ಒಂದು ಇಪಿ (ಕೆಲವೇ ಟ್ರ್ಯಾಕ್‌ಗಳ ಸಣ್ಣ ರೆಕಾರ್ಡ್) ತಂದು, ಅದರ ಒಂದು ಟ್ರ್ಯಾಕ್‌ನಲ್ಲಿ ತಾಳದ ಯಾವ ಎರಡು ಆವರ್ತ ಕೂಡ ಒಂದೇ ಥರ ಇಲ್ಲ, ಆದರೂ ಪಾರ್ಟಿಯಲ್ಲಿ ಹಾಕುವಾಗ ಪಕ್ಕದಲ್ಲಿ ಒಬ್ಬ ವಕೀಲನನ್ನೂ ಒಬ್ಬ ಸಂಗೀತ ಪಂಡಿತನನ್ನೂ ಇಟ್ಟುಕೊಳ್ಳಿ ಅಂತ ಕವರ್ ಮೇಲೆ ಸ್ಟಿಕ್ಕರ್ ಅಂಟಿಸಿದರು. ಇವರ ಕುಚೇಷ್ಟೆ ಗೊತ್ತಿದ್ದರೆ ಆ ಕತ್ತಲೆಯೂ ಅಷ್ಟು ಗಂಭೀರ ಅನ್ನಿಸಲ್ಲ.

ಹೋಗೋ ಮೊದಲು 1995ರ 'ಟ್ರೈ ರೆಪೆಟೇ' ಆಲ್ಬಮ್ ಕೇಳಿ, ಆಮೇಲೆ 'ಎಇ ಲೈವ್' ಅನ್ನೋ ಅವರ ಕಾರ್ಯಕ್ರಮಗಳ ರೆಕಾರ್ಡಿಂಗ್‌ಗಳಲ್ಲಿ ಯಾವುದಾದರೂ ಒಂದು. ಸಾಕು. ಎನ್‌ಟಿಎಸ್ ಅನ್ನೋ ಆನ್‌ಲೈನ್ ರೇಡಿಯೋಗೆ ಅವರು ಮಾಡಿದ 2018ರ ಎನ್‌ಟಿಎಸ್ ಸೆಷನ್ಸ್ ಎಂಟು ಗಂಟೆ, ಬೆಂಗಳೂರಿಂದ ಲಂಡನ್ ವಿಮಾನ ಹೆಚ್ಚುಕಡಿಮೆ ಹತ್ತು ಗಂಟೆ, ಲೆಕ್ಕ ಸರಿಹೋಗುತ್ತೆ. ಆದರೆ ಬೇಡ. ಇಳಿದ ಮೇಲೆ ಇಮಿಗ್ರೇಷನ್ ಆಫೀಸರ್ ಹೆಸರು ಕೇಳಿದರೂ ಹೊಳೆಯಲ್ಲ.

ಇಯರ್‌ಪ್ಲಗ್ ಮಾತ್ರ ಮರೆಯಬೇಡಿ. ಬಯಲಾಟದಲ್ಲಿ ಚೆಂಡೆ ಪಕ್ಕದಲ್ಲೇ ಮಲಗಿ ಬೆಳೆದವನು ನಾನು, ನನಗೇನಾಗುತ್ತೆ ಅಂತ ಮೊದಲ ಸಲ ಇಂಥ ಇನ್ನೊಂದು ಕಾರ್ಯಕ್ರಮಕ್ಕೆ ಬರಿಗಿವಿಯಲ್ಲಿ ಹೋಗಿ ಎರಡು ದಿನ ಕಿವಿಯಲ್ಲಿ ಕುಕ್ಕರ್ ಸೀಟಿ ಕೇಳಿಸಿಕೊಂಡೆ. ಚೆಂಡೆ ಜೋರೇ, ಆದರೆ ಮಾತಿನ ಹೊತ್ತಿಗಾದರೂ ನಿಲ್ಲುತ್ತೆ, ಇದು ನಿಲ್ಲಲ್ಲ. ಲೆಕ್ಕ ಬೇಕಿದ್ದರೆ, 85 ಡೆಸಿಬೆಲ್‌ಗೆ ಎಂಟು ಗಂಟೆ ಸುರಕ್ಷಿತ ಅಂತಾರೆ, ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ, 100ಕ್ಕೆ ಬರುವಷ್ಟರಲ್ಲಿ ಕಾಲು ಗಂಟೆ. ಕಾರ್ಖಾನೆಯಲ್ಲಿ ಕೊಡೋ ಸ್ಪಂಜಿನ ಇಯರ್‌ಪ್ಲಗ್ ತಾರ ಸದ್ದನ್ನೇ ಜಾಸ್ತಿ ತಿಂದುಹಾಕುತ್ತೆ, ಇವರ ಸಂಗೀತದ ಅರ್ಧ ಮಜಾ ಅಲ್ಲೇ ಇರೋದು. ಸಂಗೀತಗಾರರು ಹಾಕೋ ಫಿಲ್ಟರ್ ಇರುವಂಥದ್ದು ತಗೊಳ್ಳಿ.

ನಿಲ್ಲುವ ಜಾಗವಾದರೆ ಮುಂದೆ ನುಗ್ಗಬೇಡಿ, ಕಾಣೋದು ಏನೂ ಇಲ್ಲವಲ್ಲ. ಸೌಂಡ್ ಇಂಜಿನಿಯರ್ ಟೇಬಲ್ ಮುಂದೆ, ನಟ್ಟನಡುವೆ ನಿಲ್ಲಿ. ಲೈಟ್ ಇರುವಾಗಲೇ ಟಾಯ್ಲೆಟ್‌ಗೆ ಹೋಗಿಬನ್ನಿ. ಫೋನ್ ಸ್ವಿಚ್ ಆಫ್, ಸೈಲೆಂಟ್ ಸಾಲದು, ಆ ಕತ್ತಲಲ್ಲಿ ಒಂದು ಸ್ಕ್ರೀನ್ ಹೊತ್ತಿದರೆ ಇಡೀ ಸಾಲು ತಿರುಗಿ ನೋಡುತ್ತೆ.

ಬಾರ್ಬಿಕನ್ ಆಗಿದ್ದರೆ ಅರ್ಧ ಗಂಟೆ ಮುಂಚೆ ಹೊರಡಿ. ಕಾಂಕ್ರೀಟಿನ ಚಕ್ರವ್ಯೂಹ ಅದು, ನೆಲದ ಮೇಲೆ ದಾರಿ ತೋರಿಸೋಕೆ ಹಳದಿ ಗೆರೆ ಎಳೆದಿದ್ದಾರೆ, ನಾನು ಅದನ್ನು ಹಿಡಿದು ಹೋಗಿಯೂ ದಾರಿ ತಪ್ಪಿದೆ. ರಾತ್ರಿಯಿಡೀ ಟ್ಯೂಬ್ (ಲಂಡನ್ ಮೆಟ್ರೋ) ಇರೋದು ಶುಕ್ರವಾರ, ಶನಿವಾರ, ಅದೂ ಕೆಲವೇ ಲೈನ್‌ಗಳಲ್ಲಿ, ಹೋಟೆಲ್ ಬುಕ್ ಮಾಡುವಾಗಲೇ ನೋಡಿಕೊಳ್ಳಿ. ನಿಮ್ಮದು ಸೀಟಿನ ಟಿಕೆಟ್ಟಾ, ನಿಲ್ಲೋದಾ? ನನ್ನ ಹತ್ತಿರ ಒಂದು ಜೊತೆ ಹೊಸ ಇಯರ್‌ಪ್ಲಗ್ ಇದೆ, ಬೇಕಾದರೆ ಬಾಗಿಲಲ್ಲಿ ಸಿಗಿ.