ಓದುಗರ ಪ್ರಶ್ನೆ: ವೇಷ ಒಬ್ಬರದು, ಕ್ಲಿಕ್ ಇನ್ನೊಬ್ಬರದು

ಪ್ರಶ್ನೆ: ಕಲಾವಿದೆ ಪುಷ್ಪಮಾಲಾ ಎನ್. ಅವರ ಫೋಟೊಗಳಲ್ಲಿ ವೇಷ ಹಾಕಿ ನಿಲ್ಲುವುದು ಅವರೇ, ಕ್ಯಾಮೆರಾ ಹಿಡಿಯುವುದು ಬೇರೆಯವರು. ಹಾಗಾದರೆ ಅದು ಯಾರ ಕೃತಿ? (ಹಾಸನ)

ಉತ್ತರ: ಕಲೆಯ ಲೆಕ್ಕ ಬೇರೆ, ಕಾನೂನಿನ ಲೆಕ್ಕ ಬೇರೆ. ಬೆಂಗಳೂರಿನ ಪುಷ್ಪಮಾಲಾ ಬರೋಡಾದಲ್ಲಿ ಓದಿದ್ದು ಶಿಲ್ಪಕಲೆ. ಶಿಲ್ಪಿಯಾಗಿ ಹೆಸರು ಮಾಡಿದ ಮೇಲೆ, 1990ರ ದಶಕದ ನಡುವಿನಲ್ಲಿ ಫೋಟೊ ಕಡೆಗೆ, ಆಮೇಲೆ ವಿಡಿಯೊ ಕಡೆಗೂ ಹೊರಳಿದರು. 'ಫ್ಯಾಂಟಮ್ ಲೇಡಿ'ಯಲ್ಲಿ (1996–98) ಮುಂಬೈಯಲ್ಲಿ ಅಲೆಯುವ ಮುಖವಾಡದ ಸಾಹಸಿಯಾದರು. 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' (2000–04) ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ, ಬ್ರಿಟಿಷರ ಕಾಲದ ಅಳತೆ ಫೋಟೊದ, ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸೂ ಅವರೇ. ಆ ತೋಡ ಚಿತ್ರದಲ್ಲಿ ಹಿಂದಿರುವ ಚೌಕುಳಿ ಪರದೆ ಅಲಂಕಾರಕ್ಕಲ್ಲ; ಮೈಕಟ್ಟನ್ನು ಅಳೆಯಲು ಆಗಿನ ಮಾನವಶಾಸ್ತ್ರದವರು ಬಳಸುತ್ತಿದ್ದದ್ದೇ ಅದು. ಚಿತ್ರದ ಅರ್ಥವೆಲ್ಲ ಕ್ಲಿಕ್‌ಗೆ ಮುಂಚೆಯೇ, ಆ ಪರದೆಯಲ್ಲಿ, ನಿಲುವಿನಲ್ಲಿ ತೀರ್ಮಾನವಾಗಿರುತ್ತದೆ. ಕಲೆಯ ಲೆಕ್ಕದಲ್ಲಿ ಕೃತಿ ಅವರದಾಗುವುದು ಹೀಗೆ. ಆದರೂ ಈ ಸರಣಿಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಹೆಸರೂ ಜೊತೆಗಿದೆ. (ಅಂದ ಹಾಗೆ, ಪುಷ್ಪಮಾಲಾ ತಮ್ಮ ಕಾಲ್ಪನಿಕ ಸಂಸ್ಥೆಗೆ ಇಟ್ಟ ಹೆಸರು 'ಸೋಂಬೇರಿಕಟ್ಟೆ'. ಹೆಸರು ನಂಬಿ ಕೆಡಬೇಡಿ, ಒಂದೇ ಸರಣಿಗೆ ನಾಲ್ಕು ವರ್ಷ ದುಡಿದವರು.)

ಇನ್ನು ಕಾನೂನು. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಫೋಟೊದ ಕರ್ತೃ ಅಂದರೆ ಫೋಟೊ ತೆಗೆದವರು. ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಹಕ್ಕು ತೆಗೆಸಿದವರದು. ಗೆಳೆಯರ ಕೈಲಿ ಪುಕ್ಕಟೆ ತೆಗೆಸಿದಾಗಲೇ ತೊಡಕು ಬರುವುದು: ವೇಷ, ಸೆಟ್ಟು, ಖರ್ಚು ಎಲ್ಲ ನಿಮ್ಮದಾದರೂ ಹಕ್ಕು ಅವರದು. ಶೂಟಿಂಗ್‌ಗೆ ಮುಂಚೆಯೇ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ. ಹಕ್ಕು ಯಾರಿಗೆ, ಹೆಸರು ಹೇಗೆ ಹಾಕಬೇಕು, ಮಾರಿದರೆ ಪಾಲೆಷ್ಟು, ಮೂಲ ಫೈಲ್ ಯಾರ ಹತ್ತಿರ, ಇಷ್ಟಿದ್ದರೆ ಸಾಕು.

ಪ್ರಶ್ನೆ: ಹಳೇ ತೈಲಚಿತ್ರವೊಂದನ್ನು ಮನೆಯಲ್ಲೇ ಮರುಸೃಷ್ಟಿಸಿ ಫೋಟೊ ತೆಗೆದೆ. ಶಾಲಾ ವಾರ್ಷಿಕೋತ್ಸವದ ಫೋಟೊ ಥರ ಬಂತು. ಎಲ್ಲಿ ತಪ್ಪಿತು? (ಧಾರವಾಡ)

ಉತ್ತರ: ಬಹುಪಾಲು ಕೋಣೆ ಚಿಕ್ಕದಾಗಿದ್ದರಿಂದ. ಜಾಗ ಸಾಲದೆ ವೈಡ್ ಲೆನ್ಸ್ ಹಾಕಿ ಹತ್ತಿರದಿಂದ ತೆಗೆದರೆ ಮುಂದೆ ಚಾಚಿದ ಕೈ ದಪ್ಪಗೆ, ಅಂಚಿನಲ್ಲಿರುವ ಮುಖ ಎಳೆದಂತೆ ಬರುತ್ತದೆ. ಫುಲ್ ಫ್ರೇಮ್ (ಹಳೇ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟೇ ಸೆನ್ಸರ್ ಇರುವ) ಕ್ಯಾಮೆರಾಕ್ಕೆ 85 ಎಂಎಂ ಲೆನ್ಸ್ ಹಾಕಿ ನಿಂತ ಆಳನ್ನು ಪೂರ್ತಿ ತೆಗೆಯಲು ಸುಮಾರು 17 ಅಡಿ ದೂರ ಬೇಕು. 50 ಎಂಎಂ ಆದರೆ 10 ಅಡಿ ಸಾಕು. ಹಿನ್ನೆಲೆಯ ಪರದೆಗೆ ಆಳಿನ ಹಿಂದೆ ಇನ್ನೂ 4–5 ಅಡಿ ಬಿಡಿ. ಮನೆಯಲ್ಲಿ ಆಗದಿದ್ದರೆ ಸಂಜೆ ಹೊತ್ತು ಕಲ್ಯಾಣಮಂಟಪದ ಊಟದ ಹಾಲ್ ಕೇಳಿ ನೋಡಿ.

ಎರಡನೆಯದು ಪರದೆ. ಎನಾಮೆಲ್ ಪೇಂಟ್ ಬಳಿದಿದ್ದರೆ ಫ್ಲ್ಯಾಷ್ ಬಿದ್ದಲ್ಲೆಲ್ಲ ಹೊಳೆಯುತ್ತದೆ, ಡಿಸ್ಟೆಂಪರ್ ಬಳಿಯಿರಿ. ಲೆನ್ಸ್‌ನ ಕಂಡಿಯನ್ನು ಎಫ್/2.8ರಷ್ಟು ಅಗಲ ತೆರೆದು ತೆಗೆದರೆ ಪರದೆ ಮಸುಕಾಗಿ ಕುಂಚದ ಗೆರೆಗಳೆಲ್ಲ ಕಳೆದುಹೋಗುತ್ತವೆ, ತೈಲಚಿತ್ರದ ಗುಣವೇ ಹೋಗಿಬಿಡುತ್ತದೆ. ಕಂಡಿ ಕಿರಿದು ಮಾಡಿ ಎಫ್/11 ಇಡಿ. ನೆರಳು ಪರದೆಗೆ ಬಡಿಯುತ್ತಿದ್ದರೆ ಪರದೆಯನ್ನು ಹಿಂದಕ್ಕೆ ತಳ್ಳಬೇಡಿ, ದೀಪವನ್ನೇ ಮೇಲೆತ್ತಿ ಪಕ್ಕಕ್ಕೆ ಸರಿಸಿ. ಮೂಲಚಿತ್ರದಲ್ಲಿ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ, ದೀಪ ಅದರ ಎದುರು ದಿಕ್ಕಿಗೆ. ಚಿತ್ರಕಾರರು ಸೆರಗಿಗೊಂದು ಬೆಳಕು, ಮುಖಕ್ಕೊಂದು ಬೆಳಕು ಅಂತ ಮೋಸ ಮಾಡಿರುತ್ತಾರೆ. ಅಂಥ ಕಡೆ ಬೆಳಕು ಪುಟಿದು ಬೀಳುವಂತೆ ಬಿಳಿ ಥರ್ಮೋಕೋಲ್ ಹಾಳೆ ಹಿಡಿಸಿ.

ಪ್ರಶ್ನೆ: 24 ಮೆಗಾಪಿಕ್ಸೆಲ್ ಫೋಟೊವನ್ನು ಗ್ಯಾಲರಿಗೆ ಎಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಬಹುದು? (ಮಂಗಳೂರು)

ಉತ್ತರ: ಇಂಚಿಗೆ 200 ಪಿಕ್ಸೆಲ್ ಲೆಕ್ಕದಲ್ಲಿ 30x20 ಇಂಚು, 300 ಬೇಕೆಂದರೆ 20x13. ಎಡಿಷನ್ (ಒಟ್ಟು ಹಾಕಿಸುವ ಪ್ರತಿಗಳ ಸಂಖ್ಯೆ) ಐದು ಎಂದು ಘೋಷಿಸಿದ ಮೇಲೆ ಅದೇ ಅಳತೆಯಲ್ಲಿ ಆರನೆಯದು ಹಾಕಿಸುವಂತಿಲ್ಲ; ಪ್ರತಿ ಪ್ರಿಂಟ್‌ನ ಹಿಂದೆ 2/5 ಎಂಬಂತೆ ಸಂಖ್ಯೆ, ವರ್ಷ, ಸಹಿ ಪೆನ್ಸಿಲ್‌ನಲ್ಲಿ ಹಾಕಿ. ಬಾಲ್‌ಪೆನ್ ಒತ್ತು ಮುಂದಕ್ಕೆ ಮೂಡುತ್ತದೆ.