ಕೆರಟೋಕೋನಸ್ ಅಂದರೆ ಕಾರ್ನಿಯಾ ಕಸಿ ಮಾಡಿಸಲೇಬೇಕಾ?

ಕುಂಬಳೆಯ ನಿಮ್ಮ ಮಗನಿಗೆ 16 ವರ್ಷ, ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತಿದೆ, ಕೆರಟೋಕೋನಸ್ ಅಂದಿದ್ದಾರೆ ಅಂತ ಬರೆದಿದ್ದೀರಿ. ಗಾಬರಿ ಬೇಡ, ಹೆಚ್ಚಿನವರಿಗೆ ಕಸಿ ಬೇಕಾಗುವುದಿಲ್ಲ.

ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬುವುದೇ ಈ ತೊಂದರೆ. ಕಾರ್ನಿಯಾದ ಆಕಾರ ನೋಡುವ ಟೊಪೋಗ್ರಫಿ ಪರೀಕ್ಷೆಯ ಬಣ್ಣದ ನಕ್ಷೆಯಲ್ಲಿ ಉಬ್ಬಿದ ಜಾಗ ಕೆಂಪಾಗಿ ಕಾಣುತ್ತದೆ. ಕೆಲವು ತಿಂಗಳ ನಂತರದ ನಕ್ಷೆಯಲ್ಲಿ ಅದು ಜಾಸ್ತಿಯಾಗಿದ್ದರೆ ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆ ಮಾಡುತ್ತಾರೆ. ಈ ವಯಸ್ಸಿನವರಿಗೆ ಕೆಲವು ಡಾಕ್ಟರು ಅಷ್ಟೂ ಕಾಯುವುದಿಲ್ಲ. ಈ ಚಿಕಿತ್ಸೆಯಲ್ಲಿ ಕಣ್ಣಿಗೆ ರೈಬೋಫ್ಲೇವಿನ್ (ವಿಟಮಿನ್ ಬಿ2) ಹನಿ ಹಾಕಿ, ಅತಿನೇರಳೆ ಬೆಳಕು ಬಿಡುತ್ತಾರೆ. ಮೂಲ ವಿಧಾನದಲ್ಲಿ ಬೆಳಕು 30 ನಿಮಿಷ. ಕಾರ್ನಿಯಾ ಗಟ್ಟಿಯಾಗಿ, ಉಬ್ಬುವುದು ಸಾಮಾನ್ಯವಾಗಿ ನಿಲ್ಲುತ್ತದೆ. ನಂಬರ್ ಮಾತ್ರ ಪೂರ್ತಿ ಹೋಗುವುದಿಲ್ಲ, ಕನ್ನಡಕವೋ ಗಟ್ಟಿ ಕಾಂಟ್ಯಾಕ್ಟ್ ಲೆನ್ಸೋ ಬೇಕು.

ಕಾರ್ನಿಯಾದ ದಪ್ಪ 400 ಮೈಕ್ರಾನ್‌ಗಿಂತ (0.4 ಮಿ.ಮೀ.) ಕಡಿಮೆಯಾದರೆ ಈ ಚಿಕಿತ್ಸೆ ಕಷ್ಟ. ಹಾಗಾಗಿ ದೊಡ್ಡ ರಜೆ ಬರಲಿ ಅಂತ ಸುಮ್ನೆ ಕೂರಬೇಡಿ, ಬೇಗ ಮಂಗಳೂರಿಗೆ ಕರೆದುಕೊಂಡು ಹೋಗಿ. ಕಣ್ಣು ಉಜ್ಜುವ ಅಭ್ಯಾಸವಿದ್ದರೆ ಇವತ್ತೇ ಬಿಡಿಸಿ.